ಓದುಗರ ಪ್ರಶ್ನೆ, ತಜ್ಞರ ಉತ್ತರ: ಮಸಾಜ್, ಮಿದುಳಿನ ಅಲೆ, ಮರೆವು

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳಿವೆ. ಮರೆವು ಶುರುವಾಗಿರುವ ಹಿರಿಯರಿಗೆ ಮಸಾಜ್, ಕೀಲು ಹಿಡಿದು ಮಾಡುವ ಫಿಸಿಯೊಥೆರಪಿ, ಬೆನ್ನು ಕುತ್ತಿಗೆ ಒತ್ತುವ ಚಿಕಿತ್ಸೆಗಳಿಂದ ಮಿದುಳಿಗೆ ಉಪಯೋಗವಿದೆಯೇ? ನಮ್ಮ ನರರೋಗ ಮತ್ತು ಫಿಸಿಯೊಥೆರಪಿ ಸಲಹೆಗಾರರು ಉತ್ತರಿಸಿದ್ದಾರೆ.

ತಾಯಿಗೆ 71 ವರ್ಷ. ನರರೋಗ ತಜ್ಞರು ‘ಎಂಸಿಐ’ (ವಯಸ್ಸಿಗೆ ಮೀರಿದ ಸೌಮ್ಯ ಮರೆವು) ಎಂದು ಬರೆದುಕೊಟ್ಟಿದ್ದಾರೆ. ತಲೆ, ಕುತ್ತಿಗೆ, ಬೆನ್ನು ಒತ್ತಿ 12 ಸಲ ಚಿಕಿತ್ಸೆ ಕೊಟ್ಟರೆ ಮಿದುಳು ಚುರುಕಾಗುತ್ತದೆ ಎಂದು ಒಂದು ಚಿಕಿತ್ಸಾ ಕೇಂದ್ರದವರು ಹೇಳುತ್ತಾರೆ. ಮೊದಲ ದಿನವೇ ಚಿಕಿತ್ಸೆಗೆ ಮುಂಚೆ ಮತ್ತು ಆಮೇಲೆ ಇಇಜಿ ತೆಗೆದು ಎರಡು ಬಣ್ಣದ ಚಿತ್ರ ಕೊಟ್ಟರು. ಮೊದಲನೆಯದರಲ್ಲಿ ಕೆಂಪು ತುಂಬಿದೆ, ಎರಡನೆಯದು ಹಸಿರು. ನಂಬಬಹುದೇ? (ಓದುಗರು, ಮೈಸೂರು)

ಚಿತ್ರ ನಿಜವಾಗಿಯೂ ಬದಲಾಗಿರಬಹುದು. ಆದರೆ ಅದನ್ನು ತೋರಿಸಿ ತಾಯಿಯವರ ನೆನಪಿನ ಶಕ್ತಿ ಸುಧಾರಿಸಿದೆ ಎನ್ನಲು ಬರುವುದಿಲ್ಲ. ಇವೆರಡರ ನಡುವಿನ ಅಂತರ ತಿಳಿದುಕೊಂಡರೆ ಹಣವೂ ಉಳಿಯುತ್ತದೆ, ಸಮಯವೂ ಉಳಿಯುತ್ತದೆ.

ಇಇಜಿ ಅಂದರೆ ನೆತ್ತಿಯ ಮೇಲೆ ಲೋಹದ ಬಿಲ್ಲೆಗಳನ್ನು ಅಂಟಿಸಿ ಮಿದುಳಿನ ವಿದ್ಯುತ್ ಏರಿಳಿತ ಅಳೆಯುವ ಪರೀಕ್ಷೆ. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯರ ಇಇಜಿಯನ್ನು ಮೊದಲು ದಾಖಲಿಸಿದರು, 1929ರಲ್ಲಿ ಪ್ರಕಟಿಸಿದರು. ಎಚ್ಚರವಾಗಿದ್ದು ಕಣ್ಣು ಮುಚ್ಚಿ ಕೂತರೆ ತಲೆಯ ಹಿಂಭಾಗದಲ್ಲಿ ಸೆಕೆಂಡಿಗೆ 8ರಿಂದ 13 ಸಲ ಏರಿಳಿಯುವ ಅಲೆ ಕಾಣುತ್ತದೆ, ಅದು ಆಲ್ಫಾ. 4ರಿಂದ 8 ಇದ್ದರೆ ಥೀಟಾ, 13ರಿಂದ 30 ಇದ್ದರೆ ಬೀಟಾ. ಎಂಸಿಐ ಇರುವವರನ್ನು ಗುಂಪಾಗಿ ತೆಗೆದುಕೊಂಡರೆ ಥೀಟಾ ಸ್ವಲ್ಪ ಹೆಚ್ಚು, ಆಲ್ಫಾ ಸ್ವಲ್ಪ ನಿಧಾನ. ಗುಂಪಿನ ಸರಾಸರಿಗೆ ಮಾತ್ರ ಅನ್ವಯಿಸುವ ಮಾತಿದು. ಒಬ್ಬರ ಇಇಜಿ ನೋಡಿ ಇವರಿಗೆ ಎಂಸಿಐ ಇದೆ, ಇವರಿಗಿಲ್ಲ ಎಂದು ಹೇಳುವಷ್ಟು ವ್ಯತ್ಯಾಸ ಅಲ್ಲಿರುವುದಿಲ್ಲ.

ಇನ್ನು ಚಿತ್ರದ ಬಣ್ಣ ಏಕೆ ಬದಲಾಯಿತು ಎಂಬುದು. ಮನೆಗೆ ಕೊಟ್ಟಿರುವ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು, ಚಿತ್ರದ ಬದಿಯಲ್ಲಿರುವ ಬಣ್ಣದ ಪಟ್ಟಿಯನ್ನು ನೋಡಿ. ಅದರ ತುದಿಗಳಲ್ಲಿ ಅಂಕಿಗಳಿರುತ್ತವೆ. ಮೊದಲ ಹಾಳೆಯಲ್ಲಿ ಕೆಂಪು ಅಂದರೆ 10, ಎರಡನೆಯದರಲ್ಲಿ ಕೆಂಪು ಅಂದರೆ 20 ಎಂದಿದ್ದರೆ, ಅಳತೆ ಒಂದೇ ಇದ್ದರೂ ಬಣ್ಣ ಬೇರೆಯಾಗುತ್ತದೆ. ಸಾಫ್ಟ್‌ವೇರ್ ಪ್ರತಿ ಸಲ ತಾನೇ ಪಟ್ಟಿಯನ್ನು ಹೊಂದಿಸಿಕೊಳ್ಳುವಂತೆ ಬಿಟ್ಟರೆ ಹೀಗಾಗುವುದು ಸಾಮಾನ್ಯ.

ಪಟ್ಟಿ ಒಂದೇ ಆಗಿದ್ದರೂ ಬೇರೆ ಕಾರಣಗಳಿವೆ. ಅರ್ಧ ಗಂಟೆ ಮಸಾಜ್ ಆದವರಿಗೆ ತೂಕಡಿಕೆ ಬರುತ್ತದೆ, ತೂಕಡಿಸಿದರೆ ಆಲ್ಫಾ ಕರಗಿ ಥೀಟಾ ಏಳುತ್ತದೆ. ಮೊದಲ ಸಲ ಕಣ್ಣು ಬಿಟ್ಟು, ಎರಡನೇ ಸಲ ಮುಚ್ಚಿ ಕೂತಿದ್ದರೂ ಆಲ್ಫಾ ಬಹಳ ಬದಲಾಗುತ್ತದೆ. ಎಲ್ಲಕ್ಕಿಂತ ಹೆಚ್ಚು ಮೋಸಗೊಳಿಸುವುದು ಸ್ನಾಯು. ಹಣೆ, ದವಡೆ, ಕುತ್ತಿಗೆಯ ಹಿಂಭಾಗದ ಸ್ನಾಯುಗಳು ಬಿಗಿಯಾಗಿದ್ದಾಗ ಅವುಗಳದೇ ವಿದ್ಯುತ್ ಬೀಟಾ ಅಲೆಯ ಅಳತೆಯೊಳಗೆ ಸೇರಿಕೊಳ್ಳುತ್ತದೆ. ಒತ್ತಿ ನೀವಿದ ಮೇಲೆ ಸ್ನಾಯು ಸಡಿಲವಾಗುತ್ತದೆ, ಬೀಟಾ ಇಳಿಯುತ್ತದೆ. ‘ಉದ್ವೇಗದ ಅಲೆ ತಗ್ಗಿತು’ ಎಂದು ಅವರು ತೋರಿಸುವುದು ಎಷ್ಟೋ ಸಲ ಕುತ್ತಿಗೆಯ ಸ್ನಾಯು ಸಡಿಲಗೊಂಡದ್ದನ್ನೇ. ತಲೆಗೆ ಎಣ್ಣೆ ಹಚ್ಚಿದ ಮೇಲೆ ಎರಡನೇ ಸಲ ಬಿಲ್ಲೆ ಅಂಟಿಸಿದ್ದರಂತೂ ಸಂಪರ್ಕವೇ ಸರಿ ಸಿಗುವುದಿಲ್ಲ, ಆ ದಾಖಲೆಯನ್ನು ಲೆಕ್ಕಕ್ಕೆ ಹಿಡಿಯಬಾರದು.

ಹಾಗಾದರೆ ಸ್ಪರ್ಶದಿಂದ ಮಿದುಳಿನಲ್ಲಿ ಏನೂ ಆಗುವುದಿಲ್ಲವೇ? ಖಂಡಿತ ಆಗುತ್ತದೆ. ಒತ್ತಿದ, ಹಿಗ್ಗಿಸಿದ ಸುದ್ದಿ ಬೆನ್ನುಹುರಿಯ ಮೂಲಕ ಏರಿ, ಮಿದುಳಿನ ನಡುವಿನ ಥಲಾಮಸ್ ದಾಟಿ, ಎದುರು ಬದಿಯ ಮಿದುಳಿನ ಸ್ಪರ್ಶಪಟ್ಟಿಗೆ ಮುಟ್ಟುತ್ತದೆ. ಮೃದುವಾಗಿ ಸವರುವುದಕ್ಕೆ ಬೇರೆಯೇ ದಾರಿ ಇದೆ. ಕೂದಲಿರುವ ಚರ್ಮದಲ್ಲಿ ಸಿ-ಟ್ಯಾಕ್ಟೈಲ್ ಎಂಬ ತೆಳು ನರಗಳಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಸವರಿದರೆ ಅವು ಚೆನ್ನಾಗಿ ಮಿಡಿಯುತ್ತವೆ, ಸುಮಾರು 3 ಸೆಂಟಿಮೀಟರ್ ಅವುಗಳಿಗೆ ಹಿತವಾದ ವೇಗ. ಅವು ಸುದ್ದಿ ಒಯ್ಯುವುದು ಇನ್ಸುಲಾ ಎಂಬ ಭಾಗಕ್ಕೆ. ಹಿತ, ನೆಮ್ಮದಿಗಳ ಅನುಭವಕ್ಕೂ ಆ ಭಾಗಕ್ಕೂ ಸಂಬಂಧವಿದೆ. ನೋವು ಇಳಿದರೆ ನಿದ್ದೆ ಬರುತ್ತದೆ. ನಿದ್ದೆ ಬಂದರೆ ಮರುದಿನ ಗಮನ ನಿಲ್ಲುತ್ತದೆ, ಗಮನ ನಿಂತಾಗ ಕೇಳಿದ್ದು ನೆನಪಿನಲ್ಲಿ ಉಳಿಯುತ್ತದೆ. ಮಂಡಿನೋವಿನಿಂದ ರಾತ್ರಿ ನಾಲ್ಕು ಸಲ ಏಳುವ ಎಂಸಿಐ ರೋಗಿಗೆ ಮಸಾಜಿನಿಂದ ಈ ಸುತ್ತು ದಾರಿಯಲ್ಲಿ ಸಹಾಯವಾದರೆ ಆಶ್ಚರ್ಯವಿಲ್ಲ.

ಎಂಸಿಐ ಇರುವವರ ಮೇಲೆ ಇಂಥ ಚಿಕಿತ್ಸೆಗಳ ಅಧ್ಯಯನ ನಡೆದಿಲ್ಲವೆಂದಲ್ಲ. ಸಣ್ಣ ಗುಂಪುಗಳಲ್ಲಿ ಚಿಕಿತ್ಸೆಯ ಮುಂಚೆ ಮತ್ತು ಕೂಡಲೇ ಆಮೇಲೆ ಅಲೆ ಅಳೆದು, ಬದಲಾವಣೆ ಕಂಡಿದೆ ಎಂದವರಿದ್ದಾರೆ. ಅಲೆಯಲ್ಲಿ ಆ ಹೊತ್ತಿಗೆ ಕಂಡ ಬದಲಾವಣೆ ನೆನಪಿನ ಕುಸಿತವನ್ನು ನಿಧಾನಿಸುತ್ತದೆಂದು ಯಾರೂ ತೋರಿಸಿಕೊಟ್ಟಿಲ್ಲ. ಆದ್ದರಿಂದ ಆ ಕೇಂದ್ರದವರಿಗೆ ಮೂರು ಪ್ರಶ್ನೆ ಹಾಕಿ. ಎರಡೂ ಚಿತ್ರದ ಬಣ್ಣದ ಪಟ್ಟಿ ಒಂದೇ ಇತ್ತೇ? ತಾಯಿ ಎಚ್ಚರವಾಗಿದ್ದರೆಂದು ಹೇಗೆ ಖಚಿತಪಡಿಸಿಕೊಂಡಿರಿ? ಚಿಕಿತ್ಸೆ ಮುಗಿದು ಒಂದು ವಾರದ ಮೇಲೆ ತೆಗೆದ ದಾಖಲೆ ಇದೆಯೇ? ತೃಪ್ತಿಯಾಗುವ ಉತ್ತರ ಸಿಗದಿದ್ದರೆ 12 ಸಲದ ಹಣ ಮುಂಗಡ ಕಟ್ಟಬೇಡಿ.

ಎಂಸಿಐ ಅಂದರೆ ಅರಳುಮರಳಿನ ಆರಂಭವೇ? ಮಾವನವರಿಗೆ ಏನೇನು ಪರೀಕ್ಷೆ ಮಾಡಿಸಬೇಕು? (ಓದುಗರು, ಧಾರವಾಡ)

ಎಂಸಿಐ ಅಂದರೆ ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್. ನೆನಪು ಅಥವಾ ಯೋಚನಾಶಕ್ತಿ ವಯಸ್ಸಿಗೆ ಮೀರಿ ಕುಂದಿದೆ, ಆದರೆ ದಿನದ ವ್ಯವಹಾರ ತಾವೇ ನಡೆಸಿಕೊಂಡು ಹೋಗುತ್ತಾರೆ ಎಂಬ ನಡುವಿನ ಸ್ಥಿತಿ. ಮಾವನವರು ಹಾಲಿನವರ ಲೆಕ್ಕ ಚುಕ್ತಾ ಮಾಡುತ್ತಾರೆ, ಬಸ್ಸು ಹಿಡಿದು ಹೋಗಿ ಬರುತ್ತಾರೆ, ಆದರೆ ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ ಎಂದರೆ ಈ ಗುಂಪಿಗೆ ಸೇರಬಹುದು. ಎಲ್ಲರಿಗೂ ಮುಂದೆ ಡಿಮೆನ್ಶಿಯಾ (ಅರಳುಮರಳು) ಬರುವುದಿಲ್ಲ. ಅಮೆರಿಕದ ನರರೋಗ ತಜ್ಞರ ಅಕಾಡೆಮಿ 2018ರಲ್ಲಿ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ನೋಡಿದಾಗ, 65 ದಾಟಿದ ಎಂಸಿಐ ರೋಗಿಗಳಲ್ಲಿ ಎರಡು ವರ್ಷದೊಳಗೆ ಡಿಮೆನ್ಶಿಯಾಕ್ಕೆ ಜಾರಿದವರು ಸುಮಾರು 15%. ಕೆಲವರು ಮತ್ತೆ ಸರಿಹೋಗುವುದೂ ಉಂಟು.

ಸರಿಹೋಗುವವರಲ್ಲಿ ಅನೇಕರಿಗೆ ಬೇರೆ ಕಾರಣ ಇರುತ್ತದೆ, ಮೊದಲು ಅದನ್ನು ಹುಡುಕಿ. ಸಸ್ಯಾಹಾರಿಗಳಾದರೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಅಥವಾ ಗ್ಯಾಸ್ಟ್ರಿಕ್‌ಗೆಂದು ವರ್ಷಗಟ್ಟಲೆ ಪ್ಯಾಂಟೊಪ್ರಜೋಲ್ ನುಂಗುತ್ತಿದ್ದರೆ, ವಿಟಮಿನ್ ಬಿ12 ನೋಡಲೇಬೇಕು. ಒಂದು ಮಿಲಿಲೀಟರಿಗೆ 200 ಪಿಕೊಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ. ಥೈರಾಯ್ಡ್, ರಕ್ತದೊತ್ತಡ, ಕಿವಿ ಪರೀಕ್ಷೆ ಆಗಬೇಕು. ಗೊರಕೆ ಹೊಡೆಯುತ್ತ ನಡುವೆ ಉಸಿರು ನಿಲ್ಲುತ್ತದೆಯೇ ಎಂದು ಮನೆಯವರು ಗಮನಿಸಿ. ಮಾತ್ರೆಗಳ ಚೀಲವನ್ನು ಹಾಗೇ ಡಾಕ್ಟರ ಮುಂದೆ ಸುರಿಯಿರಿ. ನೆಗಡಿಗೆ ಕೊಡುವ ಕ್ಲೋರ್‌ಫೆನಿರಮಿನ್, ನೋವಿಗೂ ನಿದ್ದೆಗೂ ಕೊಡುವ ಅಮಿಟ್ರಿಪ್ಟಿಲಿನ್, ಮೂತ್ರದ ತುರ್ತಿಗೆ ಕೊಡುವ ಆಕ್ಸಿಬ್ಯುಟಿನಿನ್ ಇವೆಲ್ಲ ವಯಸ್ಸಾದವರ ತಲೆ ಮಂಕು ಮಾಡುತ್ತವೆ. ಖಿನ್ನತೆಯೂ ಮರೆವಿನ ವೇಷದಲ್ಲೇ ಬರುತ್ತದೆ.

ನೆನಪಿನ ಪರೀಕ್ಷೆಯನ್ನು ಕನ್ನಡದಲ್ಲೇ ಮಾಡಿ ಎಂದು ಕೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಿದ್ಧಪಡಿಸಿದ ಪರೀಕ್ಷಾ ಸಂಪುಟ ಕನ್ನಡದಲ್ಲೂ ಇದೆ. ನಿಮ್ಹಾನ್ಸ್ ಸಹಯೋಗದ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಅಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮಿದುಳು ಆರೋಗ್ಯ ಕ್ಲಿನಿಕ್ ತೆರೆಯಲಾಗಿದೆ, ಬೆಂಗಳೂರಿಗೇ ಓಡಬೇಕೆಂದಿಲ್ಲ.

ಮನೆಯಲ್ಲೇ ಅತ್ತೆಯವರ ಕೈಕಾಲು ನೀವುತ್ತೇನೆ, ಅವರಿಗೆ ಇಷ್ಟ. ಸರಿಯಾದ ಕ್ರಮ ತಿಳಿಸಿ. (ಓದುಗರು, ಶಿವಮೊಗ್ಗ)

ಸಂತೋಷದಿಂದ ಮುಂದುವರಿಸಿ. ಒಂದು ಕೈಗೆ 5ರಿಂದ 7 ನಿಮಿಷ, ಎರಡೂ ಸೇರಿ ಕಾಲು ಗಂಟೆ ಸಾಕು. ರಾತ್ರಿ ಊಟವಾಗಿ ಒಂದು ಗಂಟೆ ಕಳೆದ ಮೇಲೆ, ಟಿವಿ ಆರಿಸಿ ಕೂತುಕೊಳ್ಳಿ.

ಎರಡು ಕೈಗೆ ಒಂದು ಟೀ ಚಮಚ ಕೊಬ್ಬರಿ ಎಣ್ಣೆ ಅಥವಾ ಎಳ್ಳೆಣ್ಣೆ. ಬಟ್ಟಲನ್ನು ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡಿ, ನೇರ ಒಲೆಯ ಮೇಲೆ ಬೇಡ. ನಿಮ್ಮ ಮಣಿಕಟ್ಟಿನ ಒಳಮೈಗೆ ಒಂದು ಹನಿ ಬಿಟ್ಟು ನೋಡಿ. ಹಿಂದಿನಿಂದ ಬಂದು ಮುಟ್ಟಬಾರದು. ಎದುರು ಕೂತು, ಕಣ್ಣಿಗೆ ಕಣ್ಣು ಕೊಟ್ಟು, “ಅತ್ತೇ, ಕೈ ನೀವಲಾ?” ಎಂದು ಕೇಳಿ. ಅವರು ಹೂಂ ಅಂದ ಮೇಲೆ ಶುರು. ಅವರ ಮೊಣಕೈ ಕೆಳಗೆ ದಿಂಬು ಇರಲಿ, ಕೈ ಗಾಳಿಯಲ್ಲಿ ತೇಲುತ್ತಿದ್ದರೆ ಭುಜ ಬಿಗಿಯುತ್ತದೆ.

ಮೊದಲು ಮೊಣಕೈಯಿಂದ ಮಣಿಕಟ್ಟಿನವರೆಗೆ ತೋಳಿನ ಹೊರಮೈಯನ್ನು ನಿಮ್ಮ ಅಂಗೈ ಪೂರ್ತಿ ತಾಗಿಸಿ ಸವರಿ. ಅಲ್ಲಿಂದ ಇಲ್ಲಿಗೆ ಸುಮಾರು 24 ಸೆಂಟಿಮೀಟರ್, ಮನಸ್ಸಿನಲ್ಲಿ ಒಂದರಿಂದ ಎಂಟು ಎಣಿಸುವಷ್ಟು ಹೊತ್ತು ಹಿಡಿಯಬೇಕು. ಮೇಲೆ ಹೇಳಿದ ಸೆಕೆಂಡಿಗೆ 3 ಸೆಂಟಿಮೀಟರ್ ಎಂದರೆ ಇದೇ ವೇಗ. ಹೆಚ್ಚಿನವರು ತಪ್ಪುವುದು ಇಲ್ಲೇ, ಪಾತ್ರೆ ಉಜ್ಜುವ ಹಾಗೆ ಬೇಗ ಬೇಗ ಕೈಯಾಡಿಸುತ್ತಾರೆ. ಹತ್ತು ಸಲ ಹೀಗೆ ಸವರಿ. ಆಮೇಲೆ ಅಂಗೈಯನ್ನು ಮೇಲೆ ತಿರುಗಿಸಿ, ಎರಡು ಹೆಬ್ಬೆರಳಿನಿಂದ ನಡುವಿನಿಂದ ಅಂಚಿಗೆ ಸಣ್ಣ ಸುತ್ತುಗಳಲ್ಲಿ ಒತ್ತಿ. ಎಷ್ಟು ಒತ್ತಬೇಕು? ಮಾಗಿದ ಬಾಳೆಹಣ್ಣಿನ ಸಿಪ್ಪೆಯ ಮೇಲೆ ಬೆರಳಿಟ್ಟಾಗ ಗುಳಿ ಬೀಳದಷ್ಟು. ಬಳಿಕ ಪ್ರತಿ ಬೆರಳನ್ನು ಬುಡದಿಂದ ತುದಿಗೆ ನೀವಿ. ಬೆರಳು ಎಳೆದು ನೆಟಿಗೆ ತೆಗೆಯುವುದು ಬೇಡ. ಸಂಧಿವಾತದಿಂದ ಗಂಟು ಊದಿದ್ದರೆ ಆ ಗಂಟು ಬಿಟ್ಟು ಮುಂದೆ ಹೋಗಿ.

ಪಾದಕ್ಕೂ ಹೀಗೇ, ಆದರೆ ಮೂರು ಎಚ್ಚರಿಕೆ ಇವೆ. ಸಕ್ಕರೆ ಕಾಯಿಲೆ ಇದ್ದರೆ ಪಾದಕ್ಕೆ ಬಿಸಿ ಗೊತ್ತಾಗದಿರಬಹುದು, ಮೊದಲು ಬೆರಳ ಸಂದಿಗಳಲ್ಲಿ ಗಾಯ ಇದೆಯೇ ನೋಡಿ, ಸಂದಿಗಳಲ್ಲಿ ಎಣ್ಣೆ ಉಳಿಸಬೇಡಿ. ಒಂದೇ ಕಾಲಿನ ಮೀನಖಂಡ ಊದಿ, ಬೆಚ್ಚಗಾಗಿ ನೋಯುತ್ತಿದ್ದರೆ ಮುಟ್ಟಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಅದೇ ದಿನ ಡಾಕ್ಟರಿಗೆ ತೋರಿಸಿ. ಮುಗಿದ ಮೇಲೆ ಅಂಗಾಲನ್ನು ಒಣ ಟವೆಲ್‌ನಿಂದ ಎರಡು ಸಲ ಒರೆಸಿ, ಚಪ್ಪಲಿ ಹಾಕಿಸಿ ನಿಲ್ಲಿಸಿ. ಎಣ್ಣೆಗಾಲಲ್ಲಿ ಮೊಸಾಯಿಕ್ ನೆಲದ ಮೇಲೆ ಬಿದ್ದು ಸೊಂಟ ಮುರಿದರೆ, ಮಸಾಜಿನಿಂದ ಆದ ಲಾಭವೆಲ್ಲ ಹೋಗಿ ಆರು ತಿಂಗಳ ಆಸ್ಪತ್ರೆ ವಾಸ ಬರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಎಲ್ಲೂ ಜೋರಾಗಿ ಒತ್ತಬಾರದು, ಕಂದು ಕಲೆ ಬೀಳುತ್ತದೆ.

ಉಪಯೋಗವಾಗುತ್ತಿದೆಯೇ ಎಂದು ತಿಳಿಯಲು ದಿನಾ ನೆನಪಿನ ಪ್ರಶ್ನೆ ಕೇಳಿ ಅವರನ್ನು ನೋಯಿಸಬೇಡಿ. ಕ್ಯಾಲೆಂಡರಿನಲ್ಲಿ ಮೂರು ಸಂಗತಿ ಬರೆದಿಡಿ: ರಾತ್ರಿ ಎಷ್ಟು ಸಲ ಎದ್ದರು, ನೋವು ಹತ್ತಕ್ಕೆ ಎಷ್ಟು, ಹಗಲು ಎಷ್ಟು ಸಲ ಸಿಡುಕಿದರು. ನಾಲ್ಕು ವಾರದಲ್ಲಿ ಗೊತ್ತಾಗುತ್ತದೆ.

ಅಪ್ಪ ತಿಂಗಳಿಗೊಮ್ಮೆ ಕ್ಷೌರದಂಗಡಿಯಲ್ಲಿ ಕುತ್ತಿಗೆ ತಿರುಗಿಸಿ ಲಟಿಕೆ ತೆಗೆಸಿಕೊಳ್ಳುತ್ತಾರೆ. ‘ತಲೆಗೆ ರಕ್ತ ಓಡುತ್ತದೆ, ಮರೆವು ಕಡಿಮೆಯಾಗುತ್ತದೆ’ ಎನ್ನುತ್ತಾರೆ. (ಓದುಗರು, ದಾವಣಗೆರೆ)

ಇವತ್ತೇ ನಿಲ್ಲಿಸಿ. ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಎರಡು ರಕ್ತನಾಳಗಳು ಕುತ್ತಿಗೆಯ ಮೂಳೆಗಳ ಪಕ್ಕದ ತೂತುಗಳಲ್ಲಿ ಹಾದು, ತಲೆಬುರುಡೆಯ ಕೆಳಗೆ ಚೂಪಾಗಿ ಬಾಗಿ ಒಳಗೆ ಹೋಗುತ್ತವೆ. ತಲೆಯನ್ನು ಫಕ್ಕನೆ ತಿರುಗಿಸಿದಾಗ ಎಳೆತ ಬೀಳುವುದು ಆ ಬಾಗಿನಲ್ಲಿ. ನಾಳದ ಒಳಪದರ ಸೀಳಿದರೆ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಜಾರುತ್ತದೆ, ಅದೇ ಲಕ್ವ. ಅಪರೂಪ ನಿಜ. ಆದರೆ ಇದು ಮರೆವಿಗೆ ಔಷಧಿಯೇ ಅಲ್ಲದಿರುವಾಗ ಅಪರೂಪದ ಅಪಾಯವನ್ನಾದರೂ ಏಕೆ ತೆಗೆದುಕೊಳ್ಳಬೇಕು? ಮೂಳೆ ಸವೆತ ಅಥವಾ ರುಮಟಾಯ್ಡ್ ಸಂಧಿವಾತ ಇದ್ದರೆ ಅಪಾಯ ಇನ್ನೂ ಹೆಚ್ಚು.

ತಿರುಗಿಸಿದ ಗಂಟೆಗಳಲ್ಲೋ ದಿನಗಳಲ್ಲೋ ಹಿಂದಲೆ ಅಥವಾ ಕುತ್ತಿಗೆಯಲ್ಲಿ ಹಿಂದೆಂದೂ ಕಾಣದ ನೋವು, ತಲೆಸುತ್ತು, ಎರಡೆರಡು ಕಾಣುವುದು, ಮಾತು ತೊದಲುವುದು, ನುಂಗಲು ಕಷ್ಟ, ನಡೆದರೆ ಒಂದು ಬದಿಗೆ ಓಲಾಡುವುದು ಕಂಡರೆ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಸಾಕಷ್ಟು ಮುಂಚೆ ಆಸ್ಪತ್ರೆ ತಲುಪಬೇಕು. ಹೋದ ಕೂಡಲೇ ಕುತ್ತಿಗೆ ತಿರುಗಿಸಿಕೊಂಡ ವಿಷಯ ಹೇಳಿ, ಇಲ್ಲದಿದ್ದರೆ ಆ ಕಡೆಗೆ ಯೋಚನೆ ಹೋಗದಿರಬಹುದು.

ಅಪ್ಪನವರಿಗೆ ತಲೆ ಒತ್ತಿಸಿಕೊಳ್ಳುವ ಸುಖ ಬಿಡಲಾಗದಿದ್ದರೆ, ನೆತ್ತಿ ಮತ್ತು ಭುಜ ಮಾತ್ರ ಎಂದು ಅಂಗಡಿಯವರಿಗೆ ನೀವೇ ಹೇಳಿಬನ್ನಿ.

ಫಿಸಿಯೊಥೆರಪಿ ಸ್ನಾತಕೋತ್ತರ ವಿದ್ಯಾರ್ಥಿನಿ ನಾನು. ಎಂಸಿಐ ಇರುವವರಲ್ಲಿ ಮಸಾಜಿನ ಮುಂಚೆ, ನಂತರ ಇಇಜಿ ಅಳೆಯುವ ಪ್ರಬಂಧ ಮಾಡಬೇಕೆಂದಿದ್ದೇನೆ. ಎಲ್ಲಿ ಎಡವಬಹುದು? (ಓದುಗರು, ಮಂಗಳೂರು)

ಒಳ್ಳೆಯ ಪ್ರಶ್ನೆ, ಮೊದಲೇ ಕೇಳಿದ್ದು ಇನ್ನೂ ಒಳ್ಳೆಯದು. ನೈತಿಕ ಸಮಿತಿಯ ಒಪ್ಪಿಗೆ ಸಿಕ್ಕ ಮೇಲೆ, ಮೊದಲ ರೋಗಿ ಸೇರುವ ಮುನ್ನವೇ ಸಿಟಿಆರ್‌ಐನಲ್ಲಿ (ದೇಶದ ವೈದ್ಯಕೀಯ ಪ್ರಯೋಗಗಳ ನೋಂದಣಿ ತಾಣ) ನೋಂದಾಯಿಸಿ. ಅಧ್ಯಯನ ಶುರುವಾದ ಮೇಲೆ ನೋಂದಾಯಿಸಲು 2018ರ ಏಪ್ರಿಲ್‌ನಿಂದ ಬಿಡುತ್ತಿಲ್ಲ.

ಹೋಲಿಕೆ ಗುಂಪೇ ನಿಮಗೆ ದೊಡ್ಡ ತಲೆನೋವು. ‘ನಕಲಿ ಚಿಕಿತ್ಸೆ’ ಎಂದು ಸುಮ್ಮನೆ ಕೈ ಇಟ್ಟರೂ ಅದೂ ಸ್ಪರ್ಶವೇ, ಮಿದುಳು ಅದಕ್ಕೂ ಮಿಡಿಯುತ್ತದೆ. ಆದ್ದರಿಂದ ಮೂರು ಗುಂಪು ಮಾಡಿ: ಚಿಕಿತ್ಸೆ, ಹಗುರ ಸ್ಪರ್ಶ, ಅಷ್ಟೇ ಹೊತ್ತು ಅದೇ ಮಂಚದ ಮೇಲೆ ಸುಮ್ಮನೆ ಮಲಗುವುದು. ಮೂರರಲ್ಲೂ ನೀವು ಆಡುವ ಮಾತು ಒಂದೇ ಇರಲಿ. ಚಿಕಿತ್ಸೆಯ ಗುಂಪಿನವರ ಜೊತೆ ಮಾತ್ರ ಮಕ್ಕಳು ಮೊಮ್ಮಕ್ಕಳ ಸುದ್ದಿ ಮಾತಾಡಿದರೆ ಲಾಭ ಯಾವುದರದ್ದೆಂದು ಹೇಳಲಾಗದು. ಯಾರು ಯಾವ ಗುಂಪಿಗೆ ಎಂಬ ಮುಚ್ಚಿದ ಲಕೋಟೆ ನಿಮ್ಮ ಕೈಯಲ್ಲಿರಬಾರದು, ಇಇಜಿ ಓದುವವರಿಗೂ ಗುಂಪು ತಿಳಿದಿರಬಾರದು.

ದಾಖಲಿಸುವ ದಿನ ತಲೆಗೆ ಸ್ನಾನ ಮಾಡಿ, ಎಣ್ಣೆ ಹಚ್ಚದೆ ಬರಲು ಹೇಳಿ. ಎಲ್ಲರಿಗೂ ಒಂದೇ ಹೊತ್ತು, ಕಾಫಿ ಕುಡಿದು ಎಷ್ಟು ಹೊತ್ತಾಯಿತೆಂದು ಬರೆದುಕೊಳ್ಳಿ, ನಿದ್ದೆಮಾತ್ರೆಯನ್ನೂ. ಬಿಲ್ಲೆಗಳ ವಿದ್ಯುತ್ ತಡೆ 5 ಕಿಲೊ ಓಮ್‌ಗಿಂತ ಕೆಳಗಿರಲಿ. 15 ನಿಮಿಷ ಕೂರಿಸಿ, ಆಮೇಲೆ 5 ನಿಮಿಷ ಕಣ್ಣು ಮುಚ್ಚಿ ದಾಖಲಿಸಿ. ನಿಮಿಷಕ್ಕೊಮ್ಮೆ ಕಣ್ಣು ಬಿಟ್ಟು ಮುಚ್ಚಲು ಹೇಳಿದರೆ ತೂಕಡಿಕೆ ತಪ್ಪುತ್ತದೆ, ಆ ಕೆಲವು ಸೆಕೆಂಡುಗಳನ್ನು ಆಮೇಲೆ ಕತ್ತರಿಸಿ. ನಮ್ಮ ಕರೆಂಟಿನ 50 ಹರ್ಟ್ಜ್ ಗೌಜು ಸೋಸಿ. ಚಿಕಿತ್ಸೆ ಮುಗಿದ ಕೂಡಲೇ ತೆಗೆಯುವ ದಾಖಲೆಯಿಂದ ವಿಶ್ರಾಂತಿ ಎಷ್ಟಾಯಿತೆಂದು ಮಾತ್ರ ತಿಳಿಯುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದು ಕೊನೆಯ ಚಿಕಿತ್ಸೆಯಾಗಿ ವಾರ ಕಳೆದ ಮೇಲಿನ ದಾಖಲೆಯಲ್ಲಿ.

ಲೆಕ್ಕಾಚಾರದಲ್ಲಿ ಬಹುಪಾಲು ಪ್ರಬಂಧಗಳು ಜಾರುವ ಜಾಗ ಒಂದಿದೆ. 19 ಬಿಲ್ಲೆ, 5 ಅಲೆಪಟ್ಟಿ (ಆಲ್ಫಾ, ಬೀಟಾದಂಥ ಅಲೆಯ ಬಗೆಗಳು) ಅಂದರೆ 95 ಹೋಲಿಕೆ. 0.05 ಮಟ್ಟದಲ್ಲಿ, ಅಂದರೆ ನೂರಕ್ಕೆ ಐದು ಸಲ ಆಕಸ್ಮಿಕವಾಗಿ ತಪ್ಪಬಹುದಾದ ಮಟ್ಟದಲ್ಲಿ, ಪರೀಕ್ಷಿಸಿದರೆ ಏನೂ ಬದಲಾಗದಿದ್ದರೂ ನಾಲ್ಕೈದು ಕಡೆ ‘ಗಮನಾರ್ಹ’ ಎಂದು ಬಂದುಬಿಡುತ್ತದೆ. ಅದೊಂದನ್ನೇ ಹಿಡಿದು ಇಡೀ ಚರ್ಚೆ ಬರೆಯುವವರಿದ್ದಾರೆ. ನೀವು ಮೊದಲೇ ಒಂದೇ ಒಂದು ಅಳತೆ ಆರಿಸಿ ನೋಂದಣಿಯಲ್ಲಿ ಬರೆಯಿರಿ, ಉದಾಹರಣೆಗೆ ತಲೆಯ ಹಿಂಭಾಗದ ಆಲ್ಫಾ ಶಿಖರದ ವೇಗ (ಆಲ್ಫಾ ಅತಿ ಬಲವಾಗಿ ಕಾಣುವುದು ಸೆಕೆಂಡಿಗೆ ಎಷ್ಟು ಏರಿಳಿತದಲ್ಲಿ ಎಂಬುದು). ನೆನಪಿನ ಪರೀಕ್ಷೆಯನ್ನು ಅದೇ ಪ್ರಶ್ನೆಗಳೊಂದಿಗೆ ಕೆಲವೇ ವಾರಗಳಲ್ಲಿ ಮತ್ತೆ ಕೊಟ್ಟರೆ ಅಭ್ಯಾಸಬಲದಿಂದಲೇ ಒಂದೆರಡು ಅಂಕ ಏರಬಹುದು, ಬೇರೆ ಪ್ರಶ್ನೆಪತ್ರಿಕೆ ಬಳಸಿ. ಬದಲಾವಣೆ ಕಾಣದಿದ್ದರೆ ಹಾಗೆಂದೇ ಬರೆಯಿರಿ. ಅಂಥ ಪ್ರಬಂಧಗಳು ಈ ಕ್ಷೇತ್ರಕ್ಕೆ ತುರ್ತಾಗಿ ಬೇಕು.

ನೆತ್ತಿಗೆ ಎಣ್ಣೆ ಹಾಕಿ ತಟ್ಟಿದರೆ ಅದು ಮಿದುಳಿಗೆ ಇಳಿಯುತ್ತದೆಯೇ? (ಓದುಗರು, ಹಾಸನ)

ಇಲ್ಲ. ತಲೆಬುರುಡೆ ದಾಟಿ ಎಣ್ಣೆ ಒಳಗೆ ಹೋಗುವುದಿಲ್ಲ. ತಟ್ಟಿಸಿಕೊಂಡಾಗ ಹಾಯೆನಿಸುವುದು, ನಿದ್ದೆ ಬರುವುದು ನಿಜ, ಅಷ್ಟಕ್ಕಾಗಿ ಹಾಕಬಹುದು. ಎಣ್ಣೆನೀರಿನ ದಿನ ಬಚ್ಚಲಲ್ಲಿ ರಬ್ಬರ್ ಚಾಪೆ ಹಾಸಿ, ಸ್ಟೂಲಿನ ಮೇಲೆ ಕೂರಿಸಿ ಸ್ನಾನ ಮಾಡಿಸಿ.

ತಿಂಗಳಿಗೆ ಇಷ್ಟೇ ಹಣ ಇದೆ. ಎಂಸಿಐ ಇರುವ ತಂದೆಯವರಿಗೆ ಮಸಾಜ್ ಕೊಡಿಸಲೇ, ಬೇರೆ ಏನಾದರೂ ಮಾಡಲೇ? ಮುಟ್ಟಿದರೆ ಅವರು ಕೈ ಎಳೆದುಕೊಳ್ಳುತ್ತಾರೆ ಕೂಡ. (ಓದುಗರು, ವಿಜಯಪುರ)

ಎಳೆದುಕೊಳ್ಳುವುದೇ ಉತ್ತರ, ಮಸಾಜ್ ಬೇಡ. ಬಲವಂತದ ಸ್ಪರ್ಶದಿಂದ ನೆಮ್ಮದಿ ಬರುವುದಿಲ್ಲ, ದಿಗಿಲು ಹುಟ್ಟುತ್ತದೆ.

ಹಣವನ್ನು ಮೊದಲು ಕಿವಿಗೆ ಹಾಕಿ. ಅಮೆರಿಕದಲ್ಲಿ ನಡೆದು 2023ರಲ್ಲಿ ಪ್ರಕಟವಾದ ‘ಅಚೀವ್’ ಪ್ರಯೋಗದಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ, ಆದರೆ ಅಪಾಯ ಹೆಚ್ಚಿದ್ದ ಗುಂಪಿನಲ್ಲಿ ಶ್ರವಣಯಂತ್ರ ಪಡೆದವರ ಅರಿವಿನ ಕುಸಿತ ಮೂರು ವರ್ಷದಲ್ಲಿ 48% ನಿಧಾನವಾಯಿತು. ಎರಡನೆಯದು ರಕ್ತದೊತ್ತಡ. 2019ರಲ್ಲಿ ಪ್ರಕಟವಾದ ‘ಸ್ಪ್ರಿಂಟ್ ಮೈಂಡ್’ ಪ್ರಯೋಗದಲ್ಲಿ ಮೇಲಿನ ಅಂಕಿಯನ್ನು 120ರ ಕೆಳಗೆ ತರುವ ಗುರಿಯಿಟ್ಟು ಚಿಕಿತ್ಸೆ ಪಡೆದವರಲ್ಲಿ ಹೊಸದಾಗಿ ಎಂಸಿಐ ಬರುವುದು ಸುಮಾರು 19% ಕಡಿಮೆಯಾಯಿತು. ತಂದೆಯವರಿಗೆ ಎಷ್ಟಕ್ಕೆ ಇಳಿಸಬೇಕು ಎಂಬುದನ್ನು ಅವರ ಡಾಕ್ಟರೇ ಹೇಳಲಿ, ಎದ್ದು ನಿಂತಾಗ ತಲೆಸುತ್ತು ಬರಬಾರದು. ಮೂರನೆಯದಕ್ಕೆ ದುಡ್ಡೇ ಬೇಕಿಲ್ಲ. ಅಮೆರಿಕದ ಅಕಾಡೆಮಿಯ 2018ರ ಮಾರ್ಗಸೂಚಿ ಎಂಸಿಐ ಇರುವವರಿಗೆ ಸೂಚಿಸಿದ್ದು ವಾರಕ್ಕೆ ಎರಡು ಸಲ ವ್ಯಾಯಾಮ. ಬೆಳಗ್ಗೆ ಬಿಸಿಲು ಏರುವ ಮುಂಚೆ ಅವರ ಜೊತೆ ನೀವೂ ಅರ್ಧ ಗಂಟೆ ಚುರುಕಾಗಿ ನಡೆಯಿರಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ಹೋಗುವಾಗ ತಮ್ಮ ಕೈಯನ್ನು ಅವರೇ ನಿಮ್ಮ ಹೆಗಲ ಮೇಲೆ ಇಟ್ಟರೆ ಇಟ್ಟುಕೊಳ್ಳಲಿ.